ಒಂದೇ ಕುರ್ಚಿಯ ದಂತ ಕ್ಲಿನಿಕ್: ಯಾವುದಕ್ಕೆ ನೋಂದಣಿ ಬೇಕು, ಯಾವುದರಿಂದ ವಿನಾಯಿತಿ?

ಪ್ರಶ್ನೆ – ಹಲ್ಲುಮನೆ

ಗೋಣಿಕೊಪ್ಪದಲ್ಲಿ ಬಾಡಿಗೆ ಮಳಿಗೆ ಹಿಡಿದು ದಂತ ಕ್ಲಿನಿಕ್ ತೆರೆಯುವ ಸಿದ್ಧತೆಯಲ್ಲಿದ್ದೇನೆ. ಒಂದು ಡೆಂಟಲ್ ಚೇರ್, ಗೋಡೆಗೆ ಕೂರಿಸುವ ಎಕ್ಸ್‌ರೇ, ಆರ್.ವಿ.ಜಿ. (ಡಿಜಿಟಲ್ ಎಕ್ಸ್‌ರೇ) ಸೆನ್ಸರ್, ಒಬ್ಬರು ಸಹಾಯಕಿ. ಹಾಸಿಗೆ ಇಲ್ಲ. ನನ್ನ ಬಿ.ಡಿ.ಎಸ್. ನೋಂದಣಿ ಸದ್ಯ ಕೇರಳದಲ್ಲಿದೆ. ಒಬ್ಬರೇ ಡಾಕ್ಟರಿರುವ ಕ್ಲಿನಿಕ್‌ಗೆ ಕೆ.ಪಿ.ಎಂ.ಇ. (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ) ಬೇಡ ಎಂದು ಕೆಲವರು, ಎಲ್ಲದಕ್ಕೂ ಲೈಸೆನ್ಸ್ ಬೇಕು ಎಂದು ಕೆಲವರು ಹೇಳುತ್ತಾರೆ. ಆ್ಯಂಟಿಬಯಾಟಿಕ್, ನೋವಿನ ಮಾತ್ರೆ, ಮೌತ್‌ವಾಶ್ ನಾನೇ ಇಟ್ಟುಕೊಂಡು ಕೊಟ್ಟರೆ ಔಷಧ ಲೈಸೆನ್ಸ್ ಬೇಕಾಗುತ್ತದೆಯೇ? ಮಳೆಗಾಲದಲ್ಲಿ ತ್ಯಾಜ್ಯದ ಗಾಡಿ ಬರದಿದ್ದರೆ ಏನು ಮಾಡುವುದು?

ಉತ್ತರ – ಕಡತ_ಮಡಿಕೇರಿ

ಡಾಕ್ಟ್ರೇ, ಕೆ.ಪಿ.ಎಂ.ಇ. ಬೇಕೇ ಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ವ್ಯಾಖ್ಯೆಯಲ್ಲೇ ಕ್ಲಿನಿಕ್, ಪಾಲಿಕ್ಲಿನಿಕ್, ಕನ್ಸಲ್ಟೇಷನ್ ಸೆಂಟರ್, ಲ್ಯಾಬ್, ಫಿಸಿಯೋಥೆರಪಿ ಸೆಂಟರ್ ಎಲ್ಲವೂ ಸೇರಿವೆ, ಹಾಸಿಗೆ ಇದ್ದರೂ ಇಲ್ಲದಿದ್ದರೂ ಅಷ್ಟೆ. ಹೊರಗಿಟ್ಟಿರುವುದು ಸರ್ಕಾರಿ ಆಸ್ಪತ್ರೆಗಳನ್ನು. ಚಿಕ್ಕದು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ನೋಂದಣಿಯಿಲ್ಲದೆ ನಡೆಸಿದರೆ ದಂಡದ ಜೊತೆಗೆ ಮೂರು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ.

ಗೊಂದಲ ಹುಟ್ಟುವುದು ಬೇರೆ ಕಾಯ್ದೆಗಳನ್ನು ಓದಿದಾಗ. 2010ರ ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆ ನಮ್ಮಲ್ಲಿ ಜಾರಿಯಲ್ಲಿಲ್ಲ. ಕೇರಳದ್ದು 2018ರ ಅವರದೇ ಕಾಯ್ದೆ. ಮಾಕುಟ್ಟದ ಗಡಿಯಾಚೆ, ಕೇರಳದಲ್ಲಿ ಸಿಕ್ಕ ನೋಂದಣಿ ಪತ್ರ ವಿರಾಜಪೇಟೆಯಲ್ಲಿ ಕೆಲಸಕ್ಕೆ ಬಾರದು.

ನಿಮ್ಮ ವಿಷಯದಲ್ಲಿ ಮೊದಲು ಆಗಬೇಕಾದದ್ದು ಕೌನ್ಸಿಲ್ ವರ್ಗಾವಣೆ. ದಂತ ವೈದ್ಯರ ರಿಜಿಸ್ಟರ್ ಇರುವುದು ರಾಜ್ಯವಾರು. ಕೇರಳದಿಂದ ಕರ್ನಾಟಕ ರಾಜ್ಯ ದಂತ ವೈದ್ಯಕೀಯ ಪರಿಷತ್ತಿಗೆ ಹೆಸರು ವರ್ಗಾಯಿಸಿಕೊಂಡು, ಆ ಸಂಖ್ಯೆ ಕೈಗೆ ಬಂದ ಮೇಲೆ ಕೆ.ಪಿ.ಎಂ.ಇ. ಅರ್ಜಿ ಹಾಕಿ. ಆಧಾರ್, ಪದವಿ ಪತ್ರ, ಕೌನ್ಸಿಲ್ ಪತ್ರ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇರಲಿ. ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಅಲ್ಲಿಗೇ ಅರ್ಜಿ ನಿಲ್ಲುತ್ತದೆ, ಕೊಡಗಿನಲ್ಲಿ ಇದು ಮಾಮೂಲು.

ಅರ್ಜಿ ಆನ್‌ಲೈನ್. ಅದನ್ನು ನೋಡುವುದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ (ಡಿ.ಎಚ್.ಒ.) ಸದಸ್ಯ ಕಾರ್ಯದರ್ಶಿ. ಆದ್ದರಿಂದ ಓಡಾಟವೆಲ್ಲ ಡಿ.ಎಚ್.ಒ. ಕಚೇರಿಗೇ. ಬಾಡಿಗೆ ಕರಾರಿನಲ್ಲಿ ಮಳಿಗೆ ಸಂಖ್ಯೆ ಸ್ಪಷ್ಟವಾಗಿರಲಿ, 'ವೈದ್ಯಕೀಯ ಉಪಯೋಗಕ್ಕೆ' ಎಂದು ಬರೆಸಿ. ತೋಟದ ಅಂಚಿನ ಕಟ್ಟಡವಾದರೆ ಜಾಗ ಕೃಷಿಯೇತರ ಬಳಕೆಗೆ ಕನ್ವರ್ಷನ್ ಆಗಿದೆಯೇ ಎಂದು ಅಡ್ವಾನ್ಸ್ ಕೊಡುವ ಮೊದಲೇ ನೋಡಿ. ಕಾಫಿ ತೋಟದ ಸರ್ವೆ ನಂಬರಿನಲ್ಲೇ ಕಟ್ಟಿದ ಮಳಿಗೆಗೆ ಆಮೇಲೆ ದಾಖಲೆ ಹೊಂದಿಸುವುದು ಬಲು ಕಷ್ಟ.

ನೋಂದಣಿ 5 ವರ್ಷಕ್ಕೆ. ಅದು ಆ ಹೆಸರಿಗೆ, ಆ ವಿಳಾಸಕ್ಕೆ ಸಿಕ್ಕಿದ್ದು. ಪಕ್ಕದ ಬೀದಿಗೆ ಹೋಗುವುದಾದರೂ ಮೊದಲೇ ಪ್ರಾಧಿಕಾರಕ್ಕೆ ತಿಳಿಸಿ. ಬೋರ್ಡಿನಲ್ಲಿ ಕೆ.ಪಿ.ಎಂ.ಇ. ಸಂಖ್ಯೆ, ಕ್ಲಿನಿಕ್ ಮತ್ತು ಮಾಲೀಕರ ಹೆಸರು ಇರಬೇಕು. ಅಲೋಪಥಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಎಂಬ ಬಣ್ಣದ ಸೂಚನೆ 2024ರದ್ದು. ಒಳಗೆ ದರಪಟ್ಟಿ ಹಾಕಿ, ಕನ್ನಡದಲ್ಲೂ ಇರಲಿ.

ಉತ್ತರ – ಶೆಡ್ಯೂಲ್_ಕೆ

ಔಷಧದ ಬಗ್ಗೆ. ಇಲ್ಲಿ ನಿಜವಾದ ವಿನಾಯಿತಿ ಇದೆ, ಆದರೆ ಷರತ್ತುಗಳನ್ನು ಯಾರೂ ಪೂರ್ತಿ ಓದುವುದಿಲ್ಲ. 1945ರ ಔಷಧ ನಿಯಮಗಳ ಶೆಡ್ಯೂಲ್ ಕೆ, 5ನೇ ಬಾಬ್ತಿನ ಪ್ರಕಾರ ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ಔಷಧ ಕೊಡಲು ಮಾರಾಟದ ಲೈಸೆನ್ಸ್ ಬೇಕಿಲ್ಲ. ಆ ನಿಯಮಗಳಲ್ಲಿ 'ನೋಂದಾಯಿತ ವೈದ್ಯ' ಎಂದರೆ ದಂತ ವೈದ್ಯರೂ ಸೇರುತ್ತಾರೆ. ಆದರೆ ತೆರೆದ ಅಂಗಡಿ ಇಡುವಂತಿಲ್ಲ, ಕೌಂಟರಿನಲ್ಲಿ ಮಾರುವಂತಿಲ್ಲ. ದಾರಿಹೋಕರಿಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟ ಕ್ಷಣ ವಿನಾಯಿತಿ ಹೋಯಿತು. ಲೈಸೆನ್ಸ್ ಇರುವವರಿಂದಲೇ ಕೊಳ್ಳಬೇಕು. ಔಷಧದ ಹೆಸರು, ಪ್ರಮಾಣ, ತಾರೀಖು, ನಿಮಗೆ ಮಾರಿದವರ ಹೆಸರು, ವಿಳಾಸ ಬರೆದಿಡಬೇಕು.

ಅಮಾಕ್ಸಿಸಿಲಿನ್‌ನಂಥ ಶೆಡ್ಯೂಲ್ ಎಚ್ (ವೈದ್ಯರ ಚೀಟಿ ಬೇಕಾದ) ಔಷಧಕ್ಕೆ ಇನ್ನೂ ಹೆಚ್ಚು: ಲೇಬಲ್ ಮೇಲೆ ನಿಮ್ಮ ಹೆಸರು, ವಿಳಾಸ, ಡೋಸ್, ರಿಜಿಸ್ಟರಿನಲ್ಲಿ ರೋಗಿಯ ಹೆಸರಿನೊಂದಿಗೆ ಕ್ರಮಸಂಖ್ಯೆ, ಅದೇ ಸಂಖ್ಯೆ ಲೇಬಲ್ ಮೇಲೂ. ರಿಜಿಸ್ಟರನ್ನು ಕೊನೆಯ ನಮೂದಿನಿಂದ 2 ವರ್ಷ ಇಡಬೇಕು. ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಮಾತ್ರೆ ಕಟ್ಟಿಕೊಡುವ ಹಳೆಯ ರೂಢಿ ಈ ನಿಯಮಕ್ಕೆ ನೇರ ವಿರುದ್ಧ, ರೋಗಿಗೂ ಅಪಾಯ.

ಜಿ.ಎಸ್.ಟಿ.: ಚಿಕಿತ್ಸೆಗೆ ತೆರಿಗೆಯಿಲ್ಲ, ಬರೀ ಚಿಕಿತ್ಸೆ ಮಾಡುವವರು ನೋಂದಾಯಿಸಬೇಕಿಲ್ಲ. ಬ್ರಷ್, ಪೇಸ್ಟ್ ಮಾರಲು ಶುರುಮಾಡಿದರೆ ತೆರಿಗೆಯುಳ್ಳ ಸರಕು ಸೇರಿತು. ಆಗ 20 ಲಕ್ಷದ ಮಿತಿಗೆ ಚಿಕಿತ್ಸೆಯ ಆದಾಯವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಬ್ರಷ್ಷನ್ನು ಪಕ್ಕದ ಅಂಗಡಿಯವರೇ ಮಾರಲಿ.

ಇನ್ನು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 3ನೇ ಕಲಮಿನಲ್ಲಿ, ನೌಕರರು ಮೂವರನ್ನು ಮೀರದ ವೈದ್ಯರ ಕಚೇರಿಗೆ ವಿನಾಯಿತಿ ಇದೆ. ನಿಮ್ಮಲ್ಲಿ ಒಬ್ಬರೇ, ಚಿಂತೆಯಿಲ್ಲ.

ಹಲ್ಲುಮನೆ

ತುಂಬ ಉಪಕಾರವಾಯಿತು. ಎಕ್ಸ್‌ರೇ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ, ತೆಗೆದುಕೊಳ್ಳಬಹುದೇ?

ಉತ್ತರ – ಮಳೆ_ಮತ್ತು_ಕಸ

ಎಕ್ಸ್‌ರೇ ಎಷ್ಟೇ ಚಿಕ್ಕದಾದರೂ ಎ.ಇ.ಆರ್.ಬಿ. (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನೋಂದಣಿ ಬೇಕು, ಅವರ ಇ-ಲೋರಾ ಪೋರ್ಟಲ್ ಮೂಲಕ. ಮೊದಲು ಸಂಸ್ಥೆಯ ನೋಂದಣಿ, ಆಮೇಲೆ ಯಂತ್ರದ್ದು. ಹಳೆಯ ಯಂತ್ರ ಕೊಳ್ಳುವ ಮುನ್ನ ಆ ಮಾಡೆಲ್‌ಗೆ ಎ.ಇ.ಆರ್.ಬಿ.ಯ ಟೈಪ್ ಅಪ್ರೂವಲ್ (ಮಾಡೆಲ್‌ಗೆ ಕೊಡುವ ಒಪ್ಪಿಗೆ) ಇದೆಯೇ, ಈಗಿನ ಮಾಲೀಕರ ಇ-ಲೋರಾ ಖಾತೆಯಲ್ಲಿ ಅದು ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಬೇಡ, ಎಷ್ಟು ಅಗ್ಗವಾದರೂ ಬೇಡ. ಕ್ವಾಲಿಟಿ ಅಶೂರೆನ್ಸ್ ಪರೀಕ್ಷೆ 2 ವರ್ಷಕ್ಕೊಮ್ಮೆ. ಟ್ಯೂಬ್ ಬದಲಿಸಿದರೆ ಮತ್ತೆ ಮಾಡಿಸಬೇಕು. ಎಕ್ಸ್‌ರೇ ಕಿರಣ ಹೊರಬರುವ ಕೋನ್ ಪ್ಲೈವುಡ್ ಪಾರ್ಟಿಷನ್ ಕಡೆಗೋ ರೋಗಿಗಳು ಕಾಯುವ ಬೆಂಚಿನ ಕಡೆಗೋ ತಿರುಗದಂತೆ ಕುರ್ಚಿ ಕೂರಿಸಿ. ಬಟನ್ ಒತ್ತುವವರು ಕನಿಷ್ಠ 2 ಮೀಟರ್ ದೂರ, ನೇರ ಕಿರಣದ ದಾರಿ ಬಿಟ್ಟು ನಿಲ್ಲುವಂತಿರಬೇಕು.

ತ್ಯಾಜ್ಯಕ್ಕೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು. ಹಾಸಿಗೆಯಿಲ್ಲದ ಕ್ಲಿನಿಕ್‌ಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಒಂದೇ ಸಲ, ನವೀಕರಣದ ಗೋಜಿಲ್ಲ. ಅರ್ಜಿ ಫಾರಂ 2ರಲ್ಲಿ. ಅನುಮತಿ ಒಂದೇ ಸಲವಾದರೂ ವಾರ್ಷಿಕ ವರದಿ ಪ್ರತಿ ವರ್ಷ ಕೊಡಬೇಕು: ಫಾರಂ 4, ಜೂನ್ 30ರೊಳಗೆ. ಬಹಳ ಜನ ಎಡವುವುದು ಇಲ್ಲಿ.

ರಕ್ತದ ಹತ್ತಿ, ಗಾಜ್, ಕಿತ್ತ ಹಲ್ಲು ಹಳದಿ ಚೀಲಕ್ಕೆ. ಗ್ಲೌಸ್, ಸಕ್ಷನ್ ಟಿಪ್ ಕೆಂಪಿಗೆ. ಸೂಜಿ, ಬರ್ (ಹಲ್ಲು ಕೊರೆಯುವ ಮೊನೆ), ರೂಟ್ ಕೆನಾಲ್ ಫೈಲ್, ತಂತಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜಿನ ಬಾಟಲಿ ನೀಲಿಗೆ. ಅಮಾಲ್ಗಮ್ (ಹಲ್ಲು ತುಂಬುವ ಪಾದರಸದ ಮಿಶ್ರಣ) ಮತ್ತು ಅದು ತುಂಬಿದ ಹಲ್ಲನ್ನು ಮಾತ್ರ ಹಳದಿಗೆ ಹಾಕಬೇಡಿ. ಹಳದಿ ಚೀಲ ಸುಡಲು ಹೋಗುತ್ತದೆ, ಸುಟ್ಟರೆ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆ ಇಟ್ಟು, ಪಾದರಸದ ತ್ಯಾಜ್ಯ ಎಂದು ಲೇಬಲ್ ಹಚ್ಚಿ.

ಮಳೆಗಾಲದ ಪ್ರಶ್ನೆಗೆ ನಿಯಮ 8ರಲ್ಲೇ ಉತ್ತರವಿದೆ. ಹಳದಿ ವರ್ಗದ ಕಸವನ್ನು 48 ಗಂಟೆ ಮೀರಿ ಇಡುವಂತಿಲ್ಲ. ಇಡಲೇಬೇಕಾಗಿ ಬಂದರೆ ಜನರಿಗೂ ಪರಿಸರಕ್ಕೂ ತೊಂದರೆಯಾಗದಂತೆ ಎಚ್ಚರ ವಹಿಸಿ, ಕಾರಣ ಸಮೇತ ಮಂಡಳಿಗೆ ತಿಳಿಸಬೇಕು. ಬರೆ (ರಸ್ತೆ ಬದಿಯ ಗುಡ್ಡ) ಜರಿದು ರಸ್ತೆ ಮುಚ್ಚಿದ ದಿನವೇ ಗಾಡಿಯವರಿಗೂ ಮಂಡಳಿಗೂ ಇ-ಮೇಲ್ ಹಾಕಿ, ಪ್ರತಿ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ. ತೋಟದ ಗುಂಡಿಯಲ್ಲಿ ಹೂಳುವುದು, ಒಲೆಗೆ ಹಾಕುವುದು ಕೂಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾರ್‌ಕೋಡ್ ಚೀಲ ಒಂದು ತಿಂಗಳಿಗಾಗುವಷ್ಟು ಮುಂಗಡ ತರಿಸಿ, ಬೀಗವಿರುವ, ನಾಯಿ-ಇಲಿ ನುಗ್ಗದ ಮೂಲೆಯೊಂದನ್ನು ಈಗಲೇ ಗೊತ್ತುಮಾಡಿ.

ಕರೆಂಟಿನ ವಿಷಯವನ್ನೂ ಸೇರಿಸುತ್ತೇನೆ. ಆಟೋಕ್ಲೇವ್ (ಉಪಕರಣಗಳನ್ನು ಹಬೆಯಿಂದ ಶುದ್ಧಗೊಳಿಸುವ ಯಂತ್ರ) 121 ಡಿಗ್ರಿಯಲ್ಲಿ ಓಡುವಾಗ ನಡುವೆ ಕರೆಂಟ್ ಹೋದರೆ ಆ ಸೈಕಲ್ ಲೆಕ್ಕಕ್ಕಿಲ್ಲ. ಉಳಿದ ನಿಮಿಷ ಓಡಿಸಿದರೆ ಸಾಲದು, ಮೊದಲಿನಿಂದ ಓಡಿಸಿ, ಲಾಗ್ ಪುಸ್ತಕದಲ್ಲಿ ಎರಡನ್ನೂ ಬರೆಯಿರಿ. ಒದ್ದೆಯಾಗಿ ಹೊರಬಂದ ಪೌಚನ್ನೂ ಶುದ್ಧ ಎಂದು ಎಣಿಸಬಾರದು.