ಸೆಕೆಂಡ್ ಹ್ಯಾಂಡ್ ಮಿನಿ ಕೂಪರ್ ಕಿಟ್: ಹಳೇ ಬಣ್ಣ ಕೀಳಬೇಕಾ, ಮೇಲೇ ಹೊಡೆಯಬೇಕಾ?

ಹೊಸಕೈ:
ಬೆಂಗಳೂರಿನ ಸಂಡೇ ಬಜಾರಿನಲ್ಲಿ 700 ರೂಪಾಯಿಗೆ ಸಿಕ್ಕಿತು. ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿ ಕಾರು, ಜಪಾನಿನ ತಮಿಯಾ ಕಂಪನಿಯ 1/24 ಅಳತೆಯ ಮಿನಿ ಕೂಪರ್ ರ‍್ಯಾಲಿ ಕಿಟ್. ಹಿಂದಿನವರು ಬಾಡಿಯ ಮೇಲೆ ಬ್ರಷ್‌ನಲ್ಲಿ ಕೆಂಪು ಎನಾಮೆಲ್ ಬಳಿದಿದ್ದಾರೆ. ದಪ್ಪಗೆ, ಬ್ರಷ್ಷಿನ ಕೂದಲು ಸಮೇತ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಸ್ಟಿಕರ್) ಹಳದಿಯಾಗಿದೆ. ಒಂದು ವೈಪರ್ ಇಲ್ಲ. ಕೆಂಪು ಬಾಡಿ, ಬಿಳಿ ರೂಫ್ ಮಾಡುವ ಆಸೆ. ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಪುಟ್ಟ ಗನ್) ಇಲ್ಲ. ಇನ್ನು 2,000 ರೂಪಾಯಿಯೊಳಗೆ ಮುಗಿಸಬಹುದಾ? ಮಾಡಿದವರು ಹೇಳಿ.

ಅರ್ಧಂಬರ್ಧ:
ಇದೇ ಕಿಟ್. ನನ್ನದೂ ಇದೇ ಕಿಟ್. ಹೇಳಿದರೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ.

ಬಣ್ಣ ಕೀಳೋಕೆ ಡೆಟಾಲ್ ಒಳ್ಳೇದು ಅಂತ ಓದಿದ್ದೆ. ನೀರು ಬೆರೆಸದೆ ಒಂದು ಡಬ್ಬಿಗೆ ಸುರಿದು ಬಾಡಿ ಮುಳುಗಿಸಿಟ್ಟೆ. ಎರಡನೇ ದಿನ ಬಣ್ಣ ಹಾಲಿನ ಕೆನೆ ಹಾಗೆ ಎದ್ದು ಬಂತು. ಖುಷಿಯೋ ಖುಷಿ. ಆ ಖುಷಿಯಲ್ಲಿ ಸೀದಾ ನಲ್ಲಿ ಕೆಳಗೆ ಹಿಡಿದೆ. ಅಷ್ಟೇ! ನೀರು ತಾಗಿದ್ದೇ ತಡ, ಕರಗಿದ ಬಣ್ಣವೆಲ್ಲ ಹಲಸಿನ ಮೇಣ ಆಯಿತು. ಗ್ರಿಲ್ಲಿನ ಸಂದಿ, ಬಾಗಿಲ ಗೆರೆ, ನನ್ನ ಬೆರಳು, ಅಡುಗೆಮನೆ ಸಿಂಕು, ಎಲ್ಲಾ ಕಡೆ. ಮೊದಲು ಡೆಟಾಲಿನಲ್ಲೇ ಅದ್ದಿದ ಬ್ರಷ್‌ನಿಂದ ಉಜ್ಜಿ ಪೂರ್ತಿ ಬಣ್ಣ ತೆಗೆದು, ಆಮೇಲೆ ಪಾತ್ರೆ ಸೋಪು ಹಾಕಿ, ಕೊನೆಗೆ ನೀರು. ಈ ಕ್ರಮ ಗೊತ್ತಿರಲಿಲ್ಲ. ತಪ್ಪು ನಂದೇ.

ಮೇಣ ತೆಗೆಯೋಕೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಹಚ್ಚಿದೆ. ಮೇಣ ಹೋಯಿತು. ಜೊತೆಗೆ ವಿಂಡ್‌ಶೀಲ್ಡ್ ಪಕ್ಕದ ಕಂಬವೂ ಬಾಗಿ ಹೋಯಿತು.

ಲೆಕ್ಕ ಕೇಳಿ. ಕಿಟ್ 2,400. ಡೆಟಾಲ್ 390. ಥಿನ್ನರ್ 120. ಟೂತ್ ಬ್ರಷ್ ಎರಡು, 60. ಸಿಂಕಿನ ಪೈಪ್ ಬಿಚ್ಚಿ ಹಾಕಲು ಪ್ಲಂಬರ್‌ಗೆ 350. ಒಟ್ಟು 3,320. ಕೈಯಲ್ಲಿ ಉಳಿದದ್ದು ನಾಲ್ಕು ಚಕ್ರ, ಸೀಟು, ಒಂದಿಷ್ಟು ಸಣ್ಣ ಪಾರ್ಟು. ಸಿಂಕು ಈಗಲೂ ಆಸ್ಪತ್ರೆ ವಾಸನೆ.

ಗ್ಯಾರೇಜ್ ಹುಡುಗ:
ಡೆಟಾಲ್ ಅಂತೆ! ಬ್ರೇಕ್ ಆಯಿಲ್ ಇರುವಾಗ ಯಾಕೆ ಬೇಕು ಆ ಗೋಳು. ಡಾಟ್ 3 ದರ್ಜೆಯದ್ದು ಅರ್ಧ ಲೀಟರ್ ತಗೊಳ್ಳಿ. ಐಸ್‌ಕ್ರೀಮ್ ಡಬ್ಬಿಯಲ್ಲಿ ಒಂದು ರಾತ್ರಿ ನೆನೆಸಿ. ಎನಾಮೆಲ್ ಸುಕ್ಕುಗಟ್ಟಿ ಬರುತ್ತದೆ. ಸೋಪು ನೀರಲ್ಲಿ ತೊಳೆದರೆ ಮುಗೀತು. ಮೂರು ಬಾಡಿ ತೆಗೆದಿದ್ದೇನೆ. ಒಂದೂ ಹಾಳಾಗಿಲ್ಲ. ಗ್ಲೌಸ್ ಹಾಕಿ ಅಷ್ಟೇ.

ಡಬ್ಬಿ ಸ್ಪ್ರೇಗೆ 900, 1,000 ಕೊಡುವುದೂ ದಂಡ. ಜೆ.ಸಿ. ರಸ್ತೆ ಹತ್ತಿರದ ಪೇಂಟ್ ಅಂಗಡಿಯಲ್ಲಿ ಕಾರಿನ ಕೆಂಪು 250ಕ್ಕೆ ಹಾಕಿಸಿಕೊಂಡೆ. ಮೇಲೆ ಟೂಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ, ಬಣ್ಣವಿಲ್ಲದ ಹೊಳಪಿನ ಕೋಟ್) ಹೊಡೆದೆ. ಮುಖ ಕಾಣುತ್ತದೆ ಅದರಲ್ಲಿ. ನನ್ನ ಪದ್ಮಿನಿ ಕಾರಿಗೂ ಇಷ್ಟು ಹೊಳಪಿಲ್ಲ.

ಮೂಗುದಾರ:
@ಗ್ಯಾರೇಜ್ ಹುಡುಗ, ಟೂಕೆಯ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಕೇಳುತ್ತಿರುವವರು ಹೊಸಬರು. ಮನೆ ಬಾಲ್ಕನಿಯಲ್ಲಿ ಹೊಡೆಯುತ್ತಾರೆ. ಮಾಸ್ಕಿನ ಮಾತೇ ಎತ್ತಲಿಲ್ಲ ನೀವು.

ಗ್ಯಾರೇಜ್ ಹುಡುಗ:
ನಮ್ಮಪ್ಪ ಮೂವತ್ತು ವರ್ಷ ಮೂಗಿಗೆ ಟವೆಲ್ ಕಟ್ಟಿಕೊಂಡೇ ಕಾರಿಗೆ ಬಣ್ಣ ಹೊಡೆದವರು.

ಮೂಗುದಾರ:
ಈಗ ಹೇಗಿದ್ದಾರೆ?

ಗ್ಯಾರೇಜ್ ಹುಡುಗ:
ಇನ್‌ಹೇಲರ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ.

ಕುಡ್ಲದ ಸೆಕೆ:
ಬೆಂಗಳೂರಿನವರು ಪುಣ್ಯವಂತರು. ನಾನು ಮಂಗಳೂರಿನಲ್ಲಿ ಜುಲೈಯಲ್ಲಿ ಕಪ್ಪು ಲ್ಯಾಕರ್ (ಬೇಗ ಆರುವ ಬಣ್ಣ) ಹೊಡೆದವನು. ಹೊಡೆದು ಹತ್ತು ನಿಮಿಷಕ್ಕೆ ಕಾರು ವಿಭೂತಿ ಬಳಿದುಕೊಂಡಿತು. ಲ್ಯಾಕರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಬೆಳ್ಳಗಾಗುತ್ತದೆ. ಮತ್ತೆ ಹೊಡೆದೆ. ಮತ್ತೆ ವಿಭೂತಿ. ಎರಡು ಡಬ್ಬಿ ಖಾಲಿ, 1,900 ರೂಪಾಯಿ ನೇತ್ರಾವತಿಗೆ.

ಕೊನೆಗೆ ಡಿಸೆಂಬರ್‌ವರೆಗೆ ಕಾದೆ. ಐದು ತಿಂಗಳು ಬಾಡಿ ಅಕ್ಕಿ ಡಬ್ಬದ ಪಕ್ಕ ಕೂತಿತ್ತು. ಒಂದು ಒಣಹವೆ ದಿನ, ಮಧ್ಯಾಹ್ನ ಹನ್ನೆರಡಕ್ಕೆ ಡಬ್ಬಿಯನ್ನು ಬೆಚ್ಚಗಿನ ನೀರಲ್ಲಿಟ್ಟು (ಕುದಿಯುವ ನೀರಲ್ಲ ಮಾರಾಯ್ರೆ, ಸಿಡಿಯುತ್ತದೆ) ತೆಳುವಾಗಿ ನಾಲ್ಕು ಸಲ ಹೊಡೆದೆ. ಕನ್ನಡಿ. ಈಗ ನೆಂಟರಿಗೆಲ್ಲ ತೋರಿಸುತ್ತೇನೆ. ಯಾರಿಗೂ ಬೇಕಿಲ್ಲ.

ನಗೋಯಾ ನಿವಾಸಿ:
ಯಾಕಿಷ್ಟು ಕಷ್ಟಪಡುತ್ತೀರೋ ಗೊತ್ತಾಗುತ್ತಿಲ್ಲ. ಇಲ್ಲಿ ಜಪಾನಿನಲ್ಲಿ ಹಾಬಿ ಆಫ್ ಅನ್ನುವ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದರೆ ಕವರ್ ಬಿಚ್ಚದ ಹಳೇ ಕಿಟ್ ರಾಶಿ ಸಿಗುತ್ತವೆ. ಹೋದ ತಿಂಗಳು 1,300 ಯೆನ್‌ಗೆ ಒಂದು ಸ್ಕೈಲೈನ್ ಕಾರಿನ ಕಿಟ್ ತಂದೆ. ತಮಿಯಾದ್ದೇ ಟಿಎಸ್ ಸ್ಪ್ರೇ ಡಬ್ಬಿ ಪಕ್ಕದ ಬೀದಿಯಲ್ಲಿ ಸಿಗುತ್ತದೆ. ಬಣ್ಣ ಬಳಿದ ಕಿಟ್ ನಾನಂತೂ ಮುಟ್ಟುವುದಿಲ್ಲ.

ಆದರೂ ಸಂಕಟ ನನಗೂ ತಪ್ಪಲಿಲ್ಲ. ಬೇರೊಂದು ಹಳೇ ಕಿಟ್‌ನಲ್ಲಿ ಟಯರೂ ಗಾಜೂ ಒಂದೇ ಕವರಿನಲ್ಲಿ ವರ್ಷಗಟ್ಟಲೆ ಅಂಟಿಕೊಂಡಿದ್ದವು. ಆ ಮೆತ್ತನೆ ಟಯರಿನ ಎಣ್ಣೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮುಂದಿನ ಗಾಜಿನ ಮೇಲೆ ಟಯರಿನ ಹಲ್ಲು ಅಚ್ಚೊತ್ತಿದೆ. 2000 ಗ್ರಿಟ್‌ನಿಂದ 8000 ಗ್ರಿಟ್‌ವರೆಗೆ ಸ್ಯಾಂಡ್‌ಪೇಪರಿನಲ್ಲಿ (ಗ್ರಿಟ್ ಹೆಚ್ಚಿದಷ್ಟೂ ನಯ) ಮೂರು ಸಂಜೆ ಉಜ್ಜಿದೆ. ಹೋಗಲಿಲ್ಲ.

ಅರ್ಧಂಬರ್ಧ:
ನಗೋಯಾ ಸಾಹೇಬರೇ, ಇಲ್ಲಿ ಯಾರೂ ಪಕ್ಕದ ಬೀದಿ ಕೇಳಲಿಲ್ಲ. ಹೊರಗಿಂದ ತರಿಸಿದರೆ ಕಿಟ್‌ನಷ್ಟೇ ದುಡ್ಡು ಪೋಸ್ಟಿಗೆ, ಮೇಲೆ ಕಸ್ಟಮ್ಸ್. ಸ್ಪ್ರೇ ಡಬ್ಬಿಯನ್ನಂತೂ ವಿಮಾನದ ಅಂಚೆಯಲ್ಲಿ ಕಳಿಸುವ ಹಾಗೇ ಇಲ್ಲ.

ನಗೋಯಾ ನಿವಾಸಿ:
ನಾನು ನನ್ನ ಅನುಭವ ಹೇಳಿದೆ. ಕೇಳಿದ್ದೂ ಅನುಭವ ಅಲ್ವಾ?

ಅರ್ಧಂಬರ್ಧ:
ಹಸಿದವನ ಮುಂದೆ ಹೋಳಿಗೆ ರುಚಿ ಹೇಳಿದ ಹಾಗಾಯಿತು.

ಬಿಳಿರೂಫ್:
ರೂಫಿನ ವಿಷಯಕ್ಕೆ ಯಾರೂ ಬರಲೇ ಇಲ್ಲ. ಮೊದಲು ಬಿಳಿ, ಆಮೇಲೆ ಕೆಂಪು. ಕೆಂಪಿನ ಮೇಲೆ ಬಿಳಿ ಹೊಡೆದು ನಾನು ಅನುಭವಿಸಿದ್ದೇನೆ. ನನ್ನದು ಕೆಂಪು ಪ್ಲಾಸ್ಟಿಕ್ಕಿನ ಬಾಡಿ. ಬಿಳಿ ಹೊಡೆದೆ, ಬೆಳಿಗ್ಗೆ ಎದ್ದು ನೋಡಿದರೆ ಸ್ಟ್ರಾಬೆರಿ ಐಸ್‌ಕ್ರೀಮ್. ಒಳಗಿನ ಕೆಂಪು ಮೇಲೆ ಬರುತ್ತದೆ. ಇನ್ನೆರಡು ಕೋಟ್ ಹೊಡೆದೆ, ಇನ್ನೂ ಗುಲಾಬಿ. ಆಮೇಲೆ ಯಾರೋ ಹೇಳಿದರು, ನಡುವೆ ಒಂದು ಕೋಟ್ ಸಿಲ್ವರ್ ಹೊಡೆದು ತಡೆ ಅಂತ. ತಡೆಯಿತು. ಆದರೆ ಅಷ್ಟರಲ್ಲಿ ಏಳು ಕೋಟ್ ಆಗಿ, ಬಾಗಿಲಿನ ಗೆರೆ ಮುಚ್ಚಿಹೋಗಿ ಕಾರು ಪಾಕದಲ್ಲಿ ನೆಂದ ಜಾಮೂನಿನಂತೆ ಆಗಿತ್ತು.

ಮಿನಿಗೆ ರೂಫಿನ ಸುತ್ತ ನೀರು ಇಳಿಯುವ ಅಂಚು ಇದೆ. ಟೇಪು ಅಲ್ಲಿಗೇ ಕೂರುತ್ತದೆ. ಬಣ್ಣ ಟಾರ್ಟನ್ ರೆಡ್, ಓಲ್ಡ್ ಇಂಗ್ಲಿಷ್ ವೈಟ್. ಅಚ್ಚ ಬಿಳಿ ಹೊಡೆದು ಮಿನಿಯ ಮಾನ ತೆಗೆಯಬೇಡಿ. 1966ರಲ್ಲಿ ಮಾಂಟೆ ಕಾರ್ಲೊ ಕಾರು ರ‍್ಯಾಲಿ ಗೆದ್ದ ಕಾರಿದು.

ಮೂಗುದಾರ:
1966ರಲ್ಲಿ ಗೆಲ್ಲಲಿಲ್ಲ. ಗೆದ್ದದ್ದು 1964, 1965, 1967.

ಬಿಳಿರೂಫ್:
ಮೊದಲ ಮೂರು ಸ್ಥಾನವೂ ಮಿನಿಗೇ ಬಂದಿತ್ತು ಸ್ವಾಮಿ. ಹೆಡ್‌ಲೈಟ್ ನೆಪ ಹೇಳಿ ಹೊರಗೆ ಹಾಕಿ ಸಿಟ್ರೊಯೆನ್ ಕಾರಿಗೆ ಕೊಟ್ಟರು. ಅದನ್ನು ಗೆಲುವು ಅಂತಲೇ ಲೆಕ್ಕ ಹಾಕುತ್ತೇನೆ.

ಮೂಗುದಾರ:
ಲೆಕ್ಕ ನಿಮ್ಮದಾದರೆ ನಾನೂ ಎಸ್‌ಎಸ್‌ಎಲ್‌ಸಿಯಲ್ಲಿ ರ‍್ಯಾಂಕ್. 1964ರದ್ದು ಪ್ಲೇಟ್ 33 ಇಜೆಬಿ, ಓಡಿಸಿದವರು ಹಾಪ್‌ಕರ್ಕ್, ಬಾಗಿಲ ಮೇಲಿನ ರ‍್ಯಾಲಿ ನಂಬರ್ 37. 1967ರದ್ದು ಎಲ್‌ಬಿಎಲ್ 6ಡಿ, ಆಲ್ಟೊನೆನ್, ನಂಬರ್ 177. ಯಾವ ಕಾರು ಮಾಡುತ್ತೇವೆ ಅಂತ ಮೊದಲು ನಿಶ್ಚಯ ಮಾಡಬೇಕು. ಒಂದರ ನಂಬರ್, ಇನ್ನೊಂದರ ಪ್ಲೇಟ್ ಹಾಕಿದ ಮಿನಿ ನೋಡಿ ನೋಡಿ ಸಾಕಾಗಿದೆ.

ಬಿಳಿರೂಫ್:
ನನ್ನ ಹಳೇ ಫೋಟೊ ನೋಡಿ ಹೇಳುತ್ತಿದ್ದೀರಿ. ಗೊತ್ತಾಯಿತು.

ಕುಡ್ಲದ ಸೆಕೆ:
ಹಳದಿ ಡೆಕಾಲಿಗೆ: ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ. ನನ್ನದಕ್ಕೆ ಹದಿನೆಂಟು ದಿನ ಹಿಡಿಯಿತು. ಬಿಳುಪಾಯಿತು ನಿಜ. ಆದರೆ ನೀರಿಗೆ ಹಾಕಿದ ತಕ್ಷಣ ಹಪ್ಪಳದ ಹಾಗೆ ಚೂರುಚೂರು. ಬೇಡದ ಒಂದು ಚಿಕ್ಕ ತುಂಡನ್ನು ಮೊದಲು ನೀರಿಗೆ ಹಾಕಿ ನೋಡಬೇಕಿತ್ತು. ಒಡೆದರೆ ಉಳಿದ ಶೀಟಿಗೆ ಡೆಕಾಲ್ ಫಿಲ್ಮ್ ದ್ರವ ಹಚ್ಚಿ, ಆರಿಸಿ, ಒಂದೊಂದೇ ಕತ್ತರಿಸಬೇಕು. ಅಂಟಿಸಿದ ಮೇಲೆ ಕ್ಲಿಯರ್ ಲ್ಯಾಕರನ್ನು ಮೊದಲ ಸಲವೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಕರಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಹೊಸಕೈ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಬಾಡಿಯನ್ನು ಬ್ರೇಕ್ ಆಯಿಲ್‌ಗೆ ಹಾಕಿದೆ. ಬಾನೆಟ್ ಮೇಲೆ ಸುಕ್ಕು ಕಾಣಿಸುತ್ತಿದೆ. ಡೆಕಾಲ್ ಕಿಟಕಿಗೆ ಅಂಟಿಸಿದೆ. ಮನೆ ಓನರ್ ಬಂದು, ಯಾವ ಪಾರ್ಟಿ ಸ್ಟಿಕರ್ ಅಂತ ಕೇಳಿದರು. ಅರ್ಧಂಬರ್ಧ ಅವರೇ, ನಿಮ್ಮ ಹಾಳಾದ ಮಿನಿಯಲ್ಲಿ ವೈಪರ್ ಉಳಿದಿದೆಯಾ?

ಅರ್ಧಂಬರ್ಧ:
ಉಳಿದಿದೆ. ಎರಡೂ ಇವೆ. ಸ್ಪ್ರೂನಿಂದ (ಪಾರ್ಟುಗಳು ಅಂಟಿ ಬರುವ ಪ್ಲಾಸ್ಟಿಕ್ ಚೌಕಟ್ಟು) ಬಿಡಿಸಿಯೂ ಇಲ್ಲ. 600 ಕೊಡಿ.

ಗ್ಯಾರೇಜ್ ಹುಡುಗ:
ಒಂದು ವೈಪರ್‌ಗೆ 600? ಅವರು ಇಡೀ ಕಾರು ತಂದದ್ದೇ 700ಕ್ಕೆ. ತೆಳ್ಳನೆ ತಂತಿ ಬಗ್ಗಿಸಿ ನಾನು ಬಿಟ್ಟಿ ಮಾಡಿಕೊಡುತ್ತೇನೆ.

ಅರ್ಧಂಬರ್ಧ:
ಪ್ಲಂಬರ್‌ಗೆ ಕೊಟ್ಟ 350 ಯಾರು ಕೊಡುತ್ತಾರೆ? ಆಯಿತು, 400. ಸೀಟು, ಸ್ಟೀರಿಂಗೂ ಸೇರಿಸಿ ಕೊಡುತ್ತೇನೆ. ಚಕ್ರ ಮಾತ್ರ ಕೊಡುವುದಿಲ್ಲ, ಇನ್ನೊಂದು ಬಾಡಿ ಹುಡುಕುತ್ತಿದ್ದೇನೆ. ಕೊರಿಯರ್ ಚಾರ್ಜ್ ಬೇರೆ.