ಕಾಂಡಕೋಶ ಚಿಕಿತ್ಸೆಗೆ ಕೋತಿಗಳೇ ಯಾಕೆ ಬೇಕು?

ಪ್ರಶ್ನೆ: ನಮ್ಮ ಅಪ್ಪನಿಗೆ ಪಾರ್ಕಿನ್ಸನ್ ಇದೆ. ಲೋಟ ಹಿಡಿದರೆ ಕಾಫಿ ತಟ್ಟೆಗೆ ಚೆಲ್ಲುತ್ತದೆ. ಜಪಾನಿನ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್) ಚಿಕಿತ್ಸೆಯ ಬಗ್ಗೆ ಓದುವಾಗೆಲ್ಲ ಕೋತಿಗಳ ಮಾತು ಬರುತ್ತದೆ, ಮನಸ್ಸಿಗೆ ಕಷ್ಟ ಆಗುತ್ತದೆ. ಇಲಿ ಸಾಕಾಗಲ್ವಾ?

ಉತ್ತರ 1: ಹೃದಯದ ವಿಷಯ ನೋಡಿ, ಕಾರಣ ತಿಳಿಯುತ್ತದೆ. ಇಲಿಮರಿಯಷ್ಟಿರುವ ಸುಂಡಿಲಿಯ ಹೃದಯ ನಿಮಿಷಕ್ಕೆ 500–600 ಸಲ ಬಡಿಯುತ್ತದೆ, ನಮ್ಮದು 70ರ ಆಸುಪಾಸು. ಹೊಸ ಕೋಶಗಳು ತಾಳ ತಪ್ಪಿಸಿದರೂ ಆ ವೇಗದಲ್ಲಿ ಗೊತ್ತೇ ಆಗುವುದಿಲ್ಲ. ಕೋತಿಯ ಬಡಿತ ನಮ್ಮದಕ್ಕೆ ಹೆಚ್ಚು ಹತ್ತಿರ. 2016ರಲ್ಲಿ ಜಪಾನಿನಲ್ಲಿ ಯೂಜಿ ಶಿಬಾ ತಂಡ ಐದು ಕೋತಿಗಳ ಗಾಯಗೊಂಡ ಹೃದಯಕ್ಕೆ ಐಪಿಎಸ್ ಕೋಶಗಳಿಂದ (ಚರ್ಮದಂಥ ಸಾಮಾನ್ಯ ಕೋಶವನ್ನೇ ಮಾರ್ಪಡಿಸಿ ಮಾಡಿದ ಕಾಂಡಕೋಶ) ಬೆಳೆಸಿದ ಹೃದಯಕೋಶ ಹಾಕಿತು. ಹೃದಯ ಹಿಂಡುವ ಬಲ ಹೆಚ್ಚಿತು, ಆದರೆ ಸ್ವಲ್ಪ ಕಾಲ ಬಡಿತವೂ ಹದ ತಪ್ಪಿತು. ಮನುಷ್ಯರಿಗೆ ಹಾಕುವ ಮುಂಚೆ ಇದು ಗೊತ್ತಾಗಲೇಬೇಕಿತ್ತು.

ಉತ್ತರ 2: ಪಾರ್ಕಿನ್ಸನ್‌ಗೆ ಬಂದರೆ, ಕ್ಯೋಟೊದ ಜುನ್ ತಕಹಾಶಿ ತಂಡ 2017ರಲ್ಲಿ ಪಾರ್ಕಿನ್ಸನ್ ಲಕ್ಷಣ ಬರಿಸಿದ ಕೋತಿಗಳ ಮಿದುಳಿಗೆ ಮನುಷ್ಯರ ಐಪಿಎಸ್ ಕೋಶಗಳಿಂದ ಮಾಡಿದ, ಡೋಪಮೈನ್ (ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ) ತಯಾರಿಸುವ ನರಕೋಶಗಳಾಗಿ ಬೆಳೆಯುವ ಎಳೆಯ ಕೋಶ ಹಾಕಿ, ಎರಡು ವರ್ಷದವರೆಗೂ ಗಮನಿಸಿತು. ವಿಡಿಯೊ ನೋಡಿ ಅವುಗಳ ಓಡಾಟ ಅಳೆದರು, ಚಲನೆ ಜಾಸ್ತಿಯಾಗಿತ್ತು, ಗೆಡ್ಡೆ ಬೆಳೆಯಲಿಲ್ಲ. ಆ ಧೈರ್ಯದ ಮೇಲೆಯೇ 2018ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು. ಏಳು ಜನರ ಫಲಿತಾಂಶ 2025ರಲ್ಲಿ ಬಂತು, ಗಂಭೀರ ಅಡ್ಡಪರಿಣಾಮ ಕಾಣಲಿಲ್ಲ. ಆದರೆ ಅದಿನ್ನೂ ಪುಟ್ಟ ಪ್ರಯೋಗ, ಸುಮ್ನೆ ಯಾರೋ ಕ್ಲಿನಿಕ್‌ನವರು ‘ಕಾಂಡಕೋಶ’ ಅಂದರು ಅಂತ ಅಪ್ಪನನ್ನು ಕರೆದುಕೊಂಡು ಹೋಗಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಆ ಕೋತಿಗಳ ನೋವು ಮನಸ್ಸಿನಿಂದ ಹೋಗುವುದಿಲ್ಲ, ಆದರೆ ಯಾಕೆ ಅಂತ ಈಗ ಅರ್ಥವಾಯಿತು. ನರರೋಗ ಡಾಕ್ಟರ ಹತ್ತಿರವೇ ಮಾತಾಡುತ್ತೇನೆ.