ಓದುಗರ ಸ್ಪಂದನ: ‘ನಿಮ್ಮ ಚಿತ್ತ ನೆರವೇರಲಿ’ ಎಂದವರು ವರ್ಗಾವಣೆ ಕೇಳಬಹುದಾ?

ಕಳೆದ ಸಲದ ಸಮಸ್ಯೆ: ನಾನು ಶಿರಸಿ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಗಂಡ ಕಾರವಾರದಲ್ಲಿ ಬ್ಯಾಂಕ್ ನೌಕರ. ಸಣ್ಣ ಮಗಳು ಅಲ್ಲೇ ಅತ್ತೆಯ ಹತ್ತಿರ ಇದ್ದಾಳೆ. ಹೋದ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಜಾಗ ಸಿಗಲಿಲ್ಲ. ಮತ್ತೆ ಅರ್ಜಿ ಹಾಕುತ್ತೇನೆ ಅಂದಾಗ ಚರ್ಚಿನ ಹಿರಿಯರೊಬ್ಬರು ‘ದೇವರು ಇಟ್ಟ ಜಾಗದಲ್ಲಿ ಇರಬೇಕು, ಹಟ ಮಾಡಬಾರದು’ ಎಂದರು. ಅಂದಿನಿಂದ ರಾತ್ರಿ ಪ್ರಾರ್ಥನೆಯಲ್ಲಿ ಬಾಯಿ ‘ನಿಮ್ಮ ಚಿತ್ತ ನೆರವೇರಲಿ’ ಅನ್ನುತ್ತದೆ, ಮನಸ್ಸು ‘ಕಾರವಾರವೇ ಆಗಲಿ’ ಅನ್ನುತ್ತದೆ. ದೇವರ ಮುಂದೆ ಸುಳ್ಳು ಹೇಳುತ್ತಿದ್ದೇನಾ?

ಪ್ರೀತಿಯ ಅಕ್ಕೋರೆ, ನೀವು ಸುಳ್ಳು ಹೇಳುತ್ತಿಲ್ಲ. ಅರ್ಧ ಮಾತ್ರ ಹೇಳುತ್ತಿದ್ದೀರಿ. ಮನಸ್ಸಿನಲ್ಲಿ ಇರುವ ಕಾರವಾರವನ್ನು ಬಾಯಿಗೂ ತನ್ನಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ಕೇಳಿದ್ದು ಏನು? ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಅಂತ. ‘ನನ್ನ ಇಷ್ಟದಂತಲ್ಲ, ನಿಮ್ಮ ಇಷ್ಟದಂತೆ’ ಅನ್ನುವುದು ಅದರ ಹಿಂದೆ ಬರುತ್ತದೆ. ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಮೂರನೇ ಸಲವೂ ಅದೇ ಮಾತು ಹೇಳಿ ಪ್ರಾರ್ಥಿಸಿದರು ಎಂದು ತನ್ನ ಸುವಾರ್ತೆಯಲ್ಲಿ ಮತ್ತಾಯ ಬರೆಯುತ್ತಾನೆ. ಬೆವರು ರಕ್ತದ ಹನಿಗಳ ಹಾಗೆ ಬಿತ್ತು ಎನ್ನುತ್ತಾನೆ ಇನ್ನೊಬ್ಬ ಸುವಾರ್ತೆಗಾರ ಲೂಕ. ಆ ರಾತ್ರಿ ಯಾವ ತಕರಾರೂ ಇಲ್ಲದೆ ಇದ್ದವರು ಜೊತೆಗೆ ಹೋದ ಮೂವರು ಶಿಷ್ಯರು. ಅವರು ನಿದ್ದೆ ಮಾಡುತ್ತಿದ್ದರು!

ಯೇಸುವಿನ ಸಂದೇಶ ಸಾರಿದ ಪೌಲನೂ ತನ್ನ ಶರೀರದಲ್ಲಿ ನಾಟಿದ ಮುಳ್ಳು ಹೋಗಲಿ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆ ನಿನಗೆ ಸಾಕು’ ಎಂಬ ಉತ್ತರ ಬಂತು. ಆದರೆ ಕೇಳಿದ್ದಕ್ಕೆ ಬೈಗುಳ ಬರಲಿಲ್ಲ, ಗಮನಿಸಿ. ಅರ್ಜಿ ಹಾಕಿ. ಜಾಗ ಸಿಗದಿದ್ದರೆ ಆಗ ಏನು ಮಾಡುತ್ತೀರಿ ಅನ್ನುವುದರಲ್ಲಿ ನಿಮ್ಮ ಪ್ರಾರ್ಥನೆಯ ಇನ್ನರ್ಧ ಇದೆ. ಅದನ್ನು ಈಗಲೇ ಹೊತ್ತುಕೊಂಡು ತಿರುಗಬೇಡಿ.
— ನಿವೃತ್ತ ಧರ್ಮೋಪದೇಶ ಶಿಕ್ಷಕಿ, ಹೊನ್ನಾವರ

ಆ ಹಿರಿಯರ ಮಾತು ಓದಿ ಸಿಟ್ಟು ಬಂತು. 2024ರ ಜುಲೈ 16ರಂದು ಇಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಜನ ಸತ್ತರು. ಆಗಲೂ ‘ಎಲ್ಲ ದೇವರ ಚಿತ್ತ’ ಅಂದವರು ಇದ್ದರು. ರಸ್ತೆಗಾಗಿ ಗುಡ್ಡ ಕಡಿದ ಕೈ ಯಾರದ್ದು ಸ್ವಾಮಿ? ಬೇರೆಯವರ ಕಷ್ಟಕ್ಕೆ ‘ದೇವರ ಚಿತ್ತ’ ಎಂಬ ಮೊಹರು ಒತ್ತುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ನಿಮ್ಮನ್ನು ಆ ಶಾಲೆಗೆ ಹಾಕಿದ್ದು ಇಲಾಖೆ. ಇಲಾಖೆಯನ್ನು ಕೇಳುವುದು ದೇವರ ಮೇಲೆ ಹಟ ಹೇಗಾಗುತ್ತದೆ?
— ಒಬ್ಬ ಓದುಗ, ಅಂಕೋಲಾ

ನಾನೂ ಘಟ್ಟದ ಮೇಲಿನ ಟೀಚರ್, ಹಾಗಾಗಿ ಕೇಳಬೇಕಾ ಬೇಡವಾ ಅನ್ನುವುದಕ್ಕಿಂತ ಯಾವಾಗ ತೀರ್ಮಾನ ಮಾಡಬೇಕು ಅಂತ ಹೇಳುತ್ತೇನೆ. ಸೋಮವಾರ ನಸುಕಿನಲ್ಲಿ, ನಿದ್ದೆಯಲ್ಲಿರುವ ಮಗಳ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು ಬಸ್ ಹತ್ತಿದ ದಿನ ಬೇಡ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬರುವ ಯೋಚನೆಗಳನ್ನು ನಂಬಬೇಡಿ. ಹಾಗೇ ಶಿಕ್ಷಕರ ದಿನಾಚರಣೆಯಂದು ಮಕ್ಕಳು ಮಳೆಯಲ್ಲಿ ನೆನೆದುಕೊಂಡು ಡೇರೆ ಹೂ ತಂದು ಕೈಗೆ ಕೊಟ್ಟಾಗ ‘ಇಲ್ಲೇ ಇದ್ದುಬಿಡುತ್ತೇನೆ’ ಎಂದೂ ಮಾತು ಕೊಡಬೇಡಿ. ಮನಸ್ಸು ಕುಗ್ಗಿದಾಗ ಹಿಂದೆ ಮಾಡಿದ ತೀರ್ಮಾನ ಬದಲಿಸಬಾರದು, ಉಕ್ಕಿದಾಗ ಅವಸರಪಡಬಾರದು ಅನ್ನುವುದು ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲಾ ಹೇಳಿಕೊಟ್ಟ ಕ್ರಮ.

ಅವರದ್ದೇ ಇನ್ನೊಂದು ಉಪಾಯವಿದೆ. ಇದೇ ಸ್ಥಿತಿಯಲ್ಲಿರುವ, ನೀವು ಕಂಡೇ ಇರದ ಒಬ್ಬರು ಬಂದು ಸಲಹೆ ಕೇಳಿದರೆ ಏನು ಹೇಳುತ್ತೀರಿ? ಅದನ್ನೇ ನೀವು ಮಾಡಿ. ನಾನು ಮಾಡಿ ನೋಡಿದ್ದೇನೆ. ಅಪರಿಚಿತರ ಬಗ್ಗೆ ನಮಗೆ ಕರುಣೆ ಜಾಸ್ತಿ, ಅಲ್ವಾ? ಒಂದು ವಿಷಯವನ್ನು ಮಾತ್ರ ನೇರವಾಗಿ ಕೇಳುತ್ತೇನೆ: ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರಾ? ಇಬ್ಬರೇ ಟೀಚರ್ ಇರುವ ಶಾಲೆಯಾದರೆ ಆ ಮಕ್ಕಳೂ ನಿಮ್ಮ ಪ್ರಾರ್ಥನೆಯೊಳಗೆ ಬರಬೇಕು. ಅವರಿಗೋಸ್ಕರ ಉಳಿಯಿರಿ ಅನ್ನುತ್ತಿಲ್ಲ.
— ಪ್ರಾಥಮಿಕ ಶಾಲಾ ಶಿಕ್ಷಕಿ, ಸಿದ್ದಾಪುರ

ಸಂತ ಜೋಸೆಫ್ ವಾಜ್ ಅವರನ್ನು ನೆನಪಿಸಿಕೊಳ್ಳಿ. ಗೋವಾದ ಪಾದ್ರಿ. ಹೋಗಬೇಕು ಅಂತಿದ್ದದ್ದು ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ; ಮೇಲಿನವರು 1681ರಲ್ಲಿ ಕಳಿಸಿದ್ದು ನಮ್ಮ ಕೆನರಾ ಕರಾವಳಿಗೆ. ಒಂದರ್ಥದಲ್ಲಿ ಅವರದ್ದೂ ಬೇಡದ ಪೋಸ್ಟಿಂಗ್! ಇಲ್ಲಿ ಸುಮಾರು ಮೂರು ವರ್ಷ ಮನಸ್ಸಿಟ್ಟು ಕೆಲಸ ಮಾಡಿದರು. ಆದರೆ ಸಿಲೋನನ್ನು ಬಿಟ್ಟುಕೊಡಲಿಲ್ಲ. 1687ರಲ್ಲಿ ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿಯೇ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದ್ದೂ ಕೊಲಂಬೋದಲ್ಲೇ.
— ಕುಮಟಾದ ಹಿರಿಯ ಓದುಗ

ಎಲ್ಲರೂ ನಿಮಗೇ ಉಪದೇಶ ಮಾಡಿರುತ್ತಾರೆ, ನಾನು ನಿಮ್ಮ ಮನೆಯವರಿಗೆ ಬರೆಯುತ್ತಿದ್ದೇನೆ. ಅಣ್ಣಾ, ಶಿರಸಿಯಲ್ಲಿ ಬ್ಯಾಂಕುಗಳಿಲ್ವಾ? ದೇವರ ಚಿತ್ತ ಯಾವಾಗಲೂ ಹೆಂಡತಿಯ ವರ್ಗಾವಣೆಯಿಂದಲೇ ಯಾಕೆ ಗೊತ್ತಾಗಬೇಕು? ಈ ಸಲ ಅರ್ಜಿ ನೀವೂ ಒಂದು ಹಾಕಿ.
— ಗೃಹಿಣಿ, ಕಾರವಾರ